ಶರ್ಯತ್ತಿನ ಕುದುರೆ: ಒಕ್ಕಲುತನದ ಮನೆಯಲ್ಲಿ ತಾಲೀಮು ಮತ್ತು ಆರೈಕೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಜಾತ್ರೆ ಬಂತೆಂದರೆ ಶರ್ಯತ್ತಿನ ಮಾತು ಬಂದೇ ಬರುತ್ತದೆ. ಎತ್ತಿನ ಗಾಡಿ, ಜೋಡು ಕುದುರೆ ಗಾಡಿ, ಒಂಟಿ ಕುದುರೆಯ ಓಟ ಇವೆಲ್ಲ ಈ ಭಾಗದ ಜನರಿಗೆ ಹೊಸವಲ್ಲ. ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳ ದಂಡೆಯ ಊರುಗಳಲ್ಲಿ ಉಳುವ ಕೆಲಸವನ್ನು ಟ್ರ್ಯಾಕ್ಟರು ವಹಿಸಿಕೊಂಡ ಮೇಲೂ ಕೆಲವು ಮನೆಗಳಲ್ಲಿ ಕುದುರೆ ಉಳಿದಿದೆ. ಅದು ಇರುವುದು ಹೊಲದ ಕೆಲಸಕ್ಕಲ್ಲ, ಓಟಕ್ಕೆ ಮತ್ತು ಮನೆತನದ ಹೆಸರಿಗೆ.

ಬೆಂಗಳೂರು, ಮೈಸೂರುಗಳ ರೇಸಿನ ಕುದುರೆಗೆ ತರಬೇತುದಾರ, ಪಶುವೈದ್ಯ, ಲಾಳ ಕಟ್ಟುವವ, ಮೇವು ಹಾಕುವವ ಎಂದು ಬೇರೆ ಬೇರೆ ಜನರಿರುತ್ತಾರೆ. ನಮ್ಮ ಹಳ್ಳಿಯ ಕುದುರೆಗೆ ಇವರೆಲ್ಲ ಒಂದೇ ಮನೆಯವರು. ಅಜ್ಜ ಕಾಲು ನೋಡುತ್ತಾನೆ, ತಾಯಿ ಹುರಳಿ ಬೇಯಿಸಿ ಹಾಕುತ್ತಾಳೆ, ಮಗ ಲಗಾಮು ಹಿಡಿಯುತ್ತಾನೆ. ಈ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ದಿನವೂ ಅದೇ ಕಣ್ಣುಗಳು ಅದೇ ಪ್ರಾಣಿಯನ್ನು ನೋಡುತ್ತವೆ. ಸಣ್ಣ ಬದಲಾವಣೆಯೂ ಬೇಗ ತಿಳಿಯುತ್ತದೆ. ಅನಾನುಕೂಲವೆಂದರೆ ದನಗಳಿಗೆ ಮಾಡಿದ್ದನ್ನೇ ಕುದುರೆಗೂ ಮಾಡುವ ರೂಢಿ. ಮೇವಿನಲ್ಲಾಗಲಿ ತಾಲೀಮಿನಲ್ಲಾಗಲಿ ಈ ರೂಢಿಯಿಂದ ಒಳ್ಳೆಯ ಕುದುರೆಗಳು ಕೆಡುತ್ತವೆ, ಕೆಲವು ಸಾಯುತ್ತವೆ. ರೈತ ಬಾಂಧವರು ಮನೆಯಲ್ಲಿಯೇ ಅನುಸರಿಸಬಹುದಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದನ ಬೇರೆ, ಕುದುರೆ ಬೇರೆ

ಎಮ್ಮೆ ಎತ್ತುಗಳಿಗೆ ನಾಲ್ಕು ಭಾಗದ ಹೊಟ್ಟೆ ಇದೆ. ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತವೆ. ಕುದುರೆಗೆ ಒಂದೇ ಹೊಟ್ಟೆ, ಅದೂ ಚಿಕ್ಕದು. ಅದರಲ್ಲಿ 8ರಿಂದ 15 ಲೀಟರ್ ಮಾತ್ರ ಹಿಡಿಯುತ್ತದೆ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ನಾರಿನ ಮೇವು ಜೀರ್ಣವಾಗುವುದು ದೊಡ್ಡ ಕರುಳಿನಲ್ಲಿ. ಆದ್ದರಿಂದ ಒಮ್ಮೆಗೆ ಹೆಚ್ಚು ಕಾಳು ತಿಂದರೆ ಅದು ಕರುಳಿನಲ್ಲಿ ಹುಳಿಯುತ್ತದೆ. ಹೊಟ್ಟೆಶೂಲೆ ಬರುತ್ತದೆ, ಇಲ್ಲವೇ ಗೊರಸಿನ ಒಳಭಾಗಕ್ಕೆ ಉರಿಯೂತ ಬರುತ್ತದೆ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ, ಮೇವು ಹೆಚ್ಚು, ಕಾಳು ಹಿತಮಿತ: ಕುದುರೆಯ ಆಹಾರದ ಎಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ಕೊಳ್ಳುವಾಗ ನೋಡಬೇಕಾದದ್ದು

ತಳಿ: ದಖ್ಖನಿನ ಭೀಮಥಡಿ ಕುದುರೆ ಗಾತ್ರದಲ್ಲಿ ಚಿಕ್ಕದಾದರೂ ಗಟ್ಟಿ ಕಾಲಿನದು, ಒಣ ಹವೆಗೆ ಒಗ್ಗಿದ್ದು. ಕಾಠಿಯಾವಾಡಿ ಮತ್ತು ಮಾರವಾಡಿ ಕುದುರೆಗಳೂ ಬಿಸಿಲು ತಾಳುತ್ತವೆ. ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಯನ್ನು ಕೊಳ್ಳುವವರು ಎಚ್ಚರ ವಹಿಸಬೇಕು. ಅದು ಓಟಕ್ಕೆ ಹುಟ್ಟಿದ್ದು ನಿಜ, ಆದರೆ ಗಾಡಿ ಎಳೆಯಲು ಕಲಿತಿರುವುದಿಲ್ಲ. ಅದರ ಕಾಲಿನಲ್ಲಿ ಹಳೆಯ ಪೆಟ್ಟು ಇರುವ ಸಂಭವ ಹೆಚ್ಚು.

ವಯಸ್ಸು: ಹಲ್ಲಿನಿಂದ ತಿಳಿಯಬೇಕು. ಮುಂದಿನ ನಡುವಿನ ಜೋಡಿ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುವುದು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಮೂಲೆಯ ಜೋಡಿ ನಾಲ್ಕೂವರೆಗೆ. ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಮುಂದೆ ಕೆಳದವಡೆಯ ಹಲ್ಲುಗಳ ಮೇಲಿನ ಕಪ್ಪು ಕುಳಿ ನಡುವಿನ ಜೋಡಿಯಲ್ಲಿ ಆರನೆಯ, ಪಕ್ಕದ ಜೋಡಿಯಲ್ಲಿ ಏಳನೆಯ, ಮೂಲೆಯ ಜೋಡಿಯಲ್ಲಿ ಎಂಟನೆಯ ವರ್ಷದ ಸುಮಾರಿಗೆ ಸವೆಯುತ್ತದೆ.

ಕಾಲು: ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ, ಓಡಿಸಿ ನೋಡಿರಿ. ಓಡುವಾಗ ತಲೆ ಮೇಲೆ ಕೆಳಗೆ ಆಡಿದರೆ ಮುಂಗಾಲಿನಲ್ಲಿ ನೋವಿದೆ ಎಂದು ತಿಳಿಯಿರಿ. ಮುಂಗಾಲಿನ ಮೊಣಕಾಲಿನಿಂದ ಕೆಳಗೆ ಹಿಂಬದಿಯ ಸ್ನಾಯುರಜ್ಜುವನ್ನು (ಊರ ಮಾತಿನಲ್ಲಿ ನರ) ಬೆರಳಿನಿಂದ ಒತ್ತುತ್ತಾ ಬನ್ನಿರಿ. ಅದು ಬಿಗಿದ ಹಗ್ಗದ ಹಾಗೆ ನೇರವಾಗಿ, ತಣ್ಣಗೆ ಇರಬೇಕು. ಬಿಲ್ಲಿನಂತೆ ಉಬ್ಬಿದ್ದರೆ ಆ ಕುದುರೆ ಓಟಕ್ಕೆ ಬೇಡ. ಖರೀದಿಗೆ ಮುನ್ನ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಮುಂದೆ ಹೇಳುವ ಗ್ಲ್ಯಾಂಡರ್ಸ್ ರೋಗಕ್ಕಾಗಿ ರಕ್ತಪರೀಕ್ಷೆಯನ್ನೂ ಮಾಡಿಸುವುದು ಲೇಸು.

ಲಾಯ

ಒಂದು ಕುದುರೆಗೆ ಸುಮಾರು 12 ಅಡಿ ಉದ್ದ, 12 ಅಡಿ ಅಗಲದ ಜಾಗ ಬೇಕು. ಮಲಗಿ ಹೊರಳಿ ಏಳುವಷ್ಟು ಸ್ಥಳವಿರಲಿ. ಗಾಳಿ ಆಡಬೇಕು, ಆದರೆ ಮಳೆಯ ಎರಚಲು ಬಡಿಯಬಾರದು. ಮೂತ್ರದಿಂದ ಏಳುವ ಘಾಟು ವಾಸನೆ ಶ್ವಾಸಕೋಶಕ್ಕೆ ಕೆಡುಕು. ದಮ್ಮಿನ ಮೇಲೆ ಬದುಕುವ ಪ್ರಾಣಿಗೆ ಇದು ಸಣ್ಣ ವಿಷಯವಲ್ಲ. ಹಾಸಿಗೆಯ ಒದ್ದೆ ಭಾಗವನ್ನು ದಿನವೂ ತೆಗೆಯಬೇಕು. ಧೂಳಿನ ಹೊಟ್ಟನ್ನು ನೀರು ಚಿಮುಕಿಸಿಯೇ ಹಾಕಬೇಕು. ಲಾಯದ ಹತ್ತಿರ ತಿಪ್ಪೆ ಬೇಡ. ನೊಣ ಹೆಚ್ಚಾದರೆ ರೋಗವೂ ಹೆಚ್ಚು.

ತೂಕ ತಿಳಿಯುವ ಬಗೆ

ಮೇವು, ಔಷಧ ಎರಡಕ್ಕೂ ತೂಕ ತಿಳಿದಿರಬೇಕು. ಊರಲ್ಲಿ ದೊಡ್ಡ ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಹೆಗಲಿನ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ.

ಉದಾಹರಣೆ: ಸುತ್ತಳತೆ 160, ಉದ್ದ 150 ಇದ್ದರೆ 160 × 160 × 150 = 38,40,000. ಇದನ್ನು 11,880ರಿಂದ ಭಾಗಿಸಿದರೆ ಸುಮಾರು 323 ಕಿ.ಗ್ರಾಂ.

ಮೇವು ಮತ್ತು ದಾಣಿ

ಕುದುರೆಗೆ ದಿನಕ್ಕೆ ಒಣ ಪದಾರ್ಥದ ಲೆಕ್ಕದಲ್ಲಿ ತನ್ನ ತೂಕದ ಶೇ. 2ರಿಂದ 2.5ರಷ್ಟು ಆಹಾರ ಬೇಕು. ತಾಲೀಮು ಎಷ್ಟೇ ಜೋರಾಗಿದ್ದರೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಮೇವೇ ಇರಬೇಕು. ತಾಲೀಮಿನಲ್ಲಿರುವ ಸುಮಾರು 320 ಕಿ.ಗ್ರಾಂ. ತೂಕದ ಕುದುರೆಗೆ ಕೆಳಗಿನ ಪ್ರಮಾಣ ಹೊಂದುತ್ತದೆ.

1. ಚೆನ್ನಾಗಿ ಒಣಗಿದ ಜೋಳದ ಕಣಕಿ ಅಥವಾ ಒಣ ಹುಲ್ಲು: 3.5 ಕಿ.ಗ್ರಾಂ.
2. ಹಸಿ ಕುದುರೆ ಮೆಂತೆ (ಕುದುರೆ ಮಸಾಲೆ): 6 ಕಿ.ಗ್ರಾಂ.
3. ನುಚ್ಚು ಮಾಡಿದ ಗೋವಿನಜೋಳ: 1 ಕಿ.ಗ್ರಾಂ.
4. ನೆನೆಸಿದ ಕಡಲೆ: 750 ಗ್ರಾಂ.
5. ಬೇಯಿಸಿದ ಹುರಳಿ (ಒಣ ತೂಕ): 500 ಗ್ರಾಂ.
6. ಗೋಧಿ ಬೂಸಾ: 750 ಗ್ರಾಂ.
7. ಪಶುವೈದ್ಯರು ಸೂಚಿಸಿದ ಖನಿಜ ಮಿಶ್ರಣ ಮತ್ತು ಉಪ್ಪು.

ಮೂರು ಕಿಲೋ ದಾಣಿಯನ್ನು ಮೂರು ಹೊತ್ತಿಗೆ ಹಂಚಿರಿ. ಒಂದೇ ಹೊತ್ತಿಗೆ ಒಂದೂವರೆ ಕಿಲೋ ಮೀರಬಾರದು. ಮೊದಲು ಮೇವು, ಆಮೇಲೆ ದಾಣಿ. ದಾಣಿ ತಿಂದ ಮೇಲೆ ಎರಡು ಮೂರು ತಾಸು ಓಡಿಸಬಾರದು. ಹೊಸ ಮೇವಿಗಾಗಲಿ ಹೊಸ ಕಾಳಿಗಾಗಲಿ ಬದಲಾಯಿಸುವಾಗ 7ರಿಂದ 10 ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಬದಲಿಸಿರಿ.

ಕುದುರೆ ಮೆಂತೆಯನ್ನು ಮನೆಯಲ್ಲಿಯೇ ಬೆಳೆಯಬಹುದು. ನೀರಾವರಿಯಲ್ಲಿ ಮೂರು ಗುಂಟೆ ಇದ್ದರೆ ಒಂದು ಕುದುರೆಗೆ ಸಾಕು. ಆರ್.ಎಲ್.-88 ಒಳ್ಳೆಯ ತಳಿ. ಗುಂಟೆಗೆ ಕಾಲು ಕಿಲೋ ಬೀಜ ಬೇಕು. ಮೊದಲ ಕೊಯ್ಲು 50ರಿಂದ 55 ದಿನಕ್ಕೆ, ಮುಂದೆ 25ರಿಂದ 30 ದಿನಕ್ಕೊಮ್ಮೆ. ಕೊಯ್ದು ಅರ್ಧ ದಿನ ಬಾಡಿಸಿ ಹಾಕಬೇಕು. ಮೇವಿನ ಬೆಳೆಯ ಸಲಹೆಗೆ ಅರಭಾವಿಯ ಕೃಷಿ ಸಂಶೋಧನಾ ಕೇಂದ್ರವನ್ನಾಗಲಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ ಕೇಳಬಹುದು.

ದನಕ್ಕೆ ಸರಿ, ಕುದುರೆಗೆ ಕೇಡು

ಕೆಳಗಿನ ಆರು ಅಂಶಗಳನ್ನು ಮನೆಯ ಎಲ್ಲರೂ ತಿಳಿದಿರಬೇಕು.

1. ಬೂಷ್ಟು ಹಿಡಿದ ಗೋವಿನಜೋಳ: ಮಳೆಯಲ್ಲಿ ತೊಯ್ದ ತೆನೆಯಲ್ಲಿ ಬೆಳೆಯುವ ಒಂದು ಬಗೆಯ ಶಿಲೀಂಧ್ರದ ವಿಷ ಕುದುರೆಯ ಮೆದುಳನ್ನು ಕರಗಿಸುತ್ತದೆ. ಕುದುರೆ ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಇದಕ್ಕೆ ಔಷಧವಿಲ್ಲ. ಎಮ್ಮೆ ತಿಂದು ಅರಗಿಸಿಕೊಂಡಿತೆಂದು ಕುದುರೆಗೆ ಹಾಕಬೇಡಿರಿ.

2. ಕೋಳಿ ಆಹಾರ ಮತ್ತು ಕೆಲವು ಬಗೆಯ ದನದ ಆಹಾರ: ಇವುಗಳಲ್ಲಿ ಮೊನೆನ್ಸಿನ್, ಸಾಲಿನೋಮೈಸಿನ್ ಎಂಬ ಔಷಧಗಳನ್ನು ಬೆರೆಸಿರಬಹುದು. ಕೋಳಿಗೆ ಗುಣ ಕೊಡುವ ಈ ವಸ್ತು ಅತ್ಯಲ್ಪ ಪ್ರಮಾಣದಲ್ಲಿಯೇ ಕುದುರೆಯ ಹೃದಯದ ಸ್ನಾಯುವನ್ನು ಹಾಳು ಮಾಡುತ್ತದೆ. ಬದುಕಿ ಉಳಿದ ಕುದುರೆಯೂ ಮುಂದೆ ಓಟದಲ್ಲಿ ಕುಸಿದು ಬೀಳಬಹುದು. ಕೋಳಿ ಆಹಾರ ಅರೆದ ಯಂತ್ರದಲ್ಲಿ ಕುದುರೆ ದಾಣಿ ಅರೆಸಬೇಡಿರಿ.

3. ಹಸಿ ಜೋಳದ ಮೇವು: ಎಳೆಯ ಜೋಳದ ವಿಷ ದನಗಳಿಗೂ ಉಂಟೆಂದು ನಿಮಗೆ ಗೊತ್ತಿದೆ. ಕುದುರೆಗೆ ಹಸಿ ಜೋಳ, ಸೂಡಾನ್ ಹುಲ್ಲುಗಳನ್ನು ವಾರಗಟ್ಟಲೆ ಹಾಕಿದರೆ ಹಿಂಗಾಲು ಶಕ್ತಿ ಕಳೆದುಕೊಳ್ಳುತ್ತದೆ, ಮೂತ್ರ ತೊಟ್ಟಿಕ್ಕುತ್ತದೆ. ಚೆನ್ನಾಗಿ ಒಣಗಿದ ಕಣಕಿಗೆ ಈ ಭಯ ಕಡಿಮೆ.

4. ನೇಪಿಯರ್ ಹುಲ್ಲು ಮತ್ತು ಬರೀ ಬೂಸಾ: ನೇಪಿಯರ್ ಹುಲ್ಲಿನ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಇವೇ ಮುಖ್ಯ ಆಹಾರವಾದರೆ ದೇಹವು ಎಲುಬಿನಿಂದ ಸುಣ್ಣ ಕೀಳುತ್ತದೆ. ಮುಖದ ಎಲುಬು ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ಅಂಥ ಎಲುಬಿನ ಕುದುರೆಯನ್ನು ಓಡಿಸಿದರೆ ಕಾಲು ಮುರಿಯುವುದು ಆಶ್ಚರ್ಯವಲ್ಲ. ಕುದುರೆ ಮೆಂತೆಯಲ್ಲಿ ಸುಣ್ಣ ಸಮೃದ್ಧವಾಗಿದೆ.

5. ಯೂರಿಯಾ ಬೆರೆಸಿದ ಹುಲ್ಲು ಮತ್ತು ಆಹಾರ: ಮೆಲುಕು ಹಾಕುವ ದನಗಳಿಗಾಗಿ ಇದನ್ನು ಮಾಡಿದೆ. ಕುದುರೆಗೆ ಇದರಿಂದ ಲಾಭವಿಲ್ಲ, ಅಪಾಯವುಂಟು.

6. ಹಾಲು: ಶರ್ಯತ್ತಿನ ಪ್ರಾಣಿಗೆ ಹಾಲು, ಮೊಟ್ಟೆ, ಬಾದಾಮಿ ಕೊಡುವ ರೂಢಿ ನಮ್ಮಲ್ಲಿದೆ. ಬೆಳೆದ ಕುದುರೆಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಇರುವುದಿಲ್ಲ. ಲದ್ದಿ ತೆಳ್ಳಗಾಗುವುದೇ ಫಲ. ಆ ಹಾಲು ಮನೆಯ ಮಕ್ಕಳಿಗಿರಲಿ. ಹೆಚ್ಚು ಶಕ್ತಿ ಬೇಕೆನಿಸಿದರೆ ದಾಣಿಗೆ ಶೇಂಗಾ ಅಥವಾ ಕುಸುಬಿ ಎಣ್ಣೆಯನ್ನು ಎರಡು ಚಮಚದಿಂದ ಆರಂಭಿಸಿ ಎರಡು ವಾರಗಳಲ್ಲಿ 100 ಮಿ.ಲೀ.ವರೆಗೆ ಏರಿಸಬಹುದು.

ನೀರು ಮತ್ತು ಉಪ್ಪು

ವಿಶ್ರಾಂತಿಯಲ್ಲಿರುವ ಕುದುರೆಗೆ ದಿನಕ್ಕೆ ಸುಮಾರು 20 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ತಾಲೀಮು ಮಾಡುವ ಕುದುರೆಗೆ 40 ಲೀಟರ್ ಮೀರಬಹುದು. ರಾತ್ರಿಯೂ ಬಕೆಟ್ಟು ತುಂಬಿರಲಿ. ಕುದುರೆಯ ಬೆವರಿನಲ್ಲಿ ಮನುಷ್ಯನ ಬೆವರಿಗಿಂತ ಉಪ್ಪಿನ ಅಂಶ ಹೆಚ್ಚು. ಆದ್ದರಿಂದ ದಿನಕ್ಕೆ 30 ಗ್ರಾಂ, ಬೆವರು ಸುರಿಯುವ ದಿನ 60 ಗ್ರಾಂ ಅಡಿಗೆ ಉಪ್ಪನ್ನು ದಾಣಿಯಲ್ಲಿ ಕೂಡಿಸಿರಿ. ಉಪ್ಪು ಕೊಟ್ಟ ಕುದುರೆಯ ಮುಂದೆ ನೀರು ಇದ್ದೇ ಇರಬೇಕು.

ತಾಲೀಮು: ದಮ್ಮು ಮೊದಲು, ಕಾಲು ಕಡೆಗೆ

ತಾಲೀಮಿನ ಮರ್ಮವೆಲ್ಲ ಒಂದು ಸಂಗತಿಯಲ್ಲಿದೆ. ಕ್ರಮವಾಗಿ ಓಡಿಸಿದರೆ ಕುದುರೆಯ ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮಾಂಸಖಂಡ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಎಲುಬು, ಕೀಲು, ನರಗಳು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಎಂದರೆ ಎರಡು ತಿಂಗಳು ತಾಲೀಮು ಮಾಡಿದ ಕುದುರೆ ಓಡಲು ಹಾತೊರೆಯುತ್ತದೆ, ಏದುಸಿರು ಬಿಡುವುದಿಲ್ಲ, ನೋಡಿದವರು "ತಯಾರಾತು" ಎನ್ನುತ್ತಾರೆ. ಆದರೆ ಅದರ ಕಾಲು ಇನ್ನೂ ತಯಾರಾಗಿರುವುದಿಲ್ಲ. ನರ ಹರಿಯುವುದು, ಎಲುಬು ಸೀಳುವುದು ಬಹುತೇಕ ಈ ಅಂತರದಲ್ಲಿಯೇ. ಕುದುರೆಯ ಉತ್ಸಾಹವನ್ನು ನಂಬಿ ಓಡಿಸದೆ ತಿಂಗಳುಗಳನ್ನು ಎಣಿಸಿ ಓಡಿಸಬೇಕು.

ವಯಸ್ಸಿನ ವಿಷಯದಲ್ಲಿಯೂ ಇದೇ ಮಾತು. ಮೊಣಕಾಲಿನ ಬೆಳವಣಿಗೆ ಮುಗಿಯುವುದು ಎರಡೂವರೆ ವರ್ಷದ ಸುಮಾರಿಗೆ. ಬೆನ್ನೆಲುಬು ಪೂರ್ಣ ಬೆಳೆಯಲು ಐದು ವರ್ಷವಾದರೂ ಬೇಕು. ಮೂರು ವರ್ಷಕ್ಕೆ ಲಗಾಮು, ಖಾಲಿ ಹಗುರ ಗಾಡಿಯ ಪರಿಚಯ ಮಾಡಿಸಿರಿ. ನಾಲ್ಕು ವರ್ಷ ತುಂಬುವ ಮುನ್ನ ಶರ್ಯತ್ತಿಗೆ ಇಳಿಸಬೇಡಿರಿ.

ಆರು ತಿಂಗಳ ತಾಲೀಮಿನ ಕ್ರಮ ಹೀಗಿದೆ. ವಾರಕ್ಕೆ ಐದು ದಿನ ಕೆಲಸ, ಒಂದು ದಿನ ಬರೀ ನಡಿಗೆ, ಒಂದು ದಿನ ಪೂರ್ಣ ಬಿಡುವು.

1ರಿಂದ 6ನೆಯ ವಾರ: ನಡಿಗೆ ಮುಖ್ಯ. ಮೊದಲ ವಾರ ಅರ್ಧ ತಾಸು, ಆರನೆಯ ವಾರಕ್ಕೆ ಒಂದೂವರೆ ತಾಸು. ಕೊನೆಯ ಎರಡು ವಾರಗಳಲ್ಲಿ ನಡುವೆ ಎರಡೆರಡು ನಿಮಿಷ ಕುಕ್ಕುಲೋಟ.

7ರಿಂದ 12ನೆಯ ವಾರ: ಕುಕ್ಕುಲೋಟ ದಿನಕ್ಕೆ 3 ಕಿಲೋಮೀಟರಿನಿಂದ 6 ಕಿಲೋಮೀಟರಿಗೆ ಏರಲಿ. ವಾರಕ್ಕೆರಡು ದಿನ ಖಾಲಿ ಹಗುರ ಗಾಡಿ ಕಟ್ಟಿರಿ. ಸಣ್ಣ ಏರು ದಾರಿ ಇದ್ದರೆ ಒಳ್ಳೆಯದು. ವೇಗವಿಲ್ಲದೆಯೇ ಹಿಂಭಾಗಕ್ಕೆ ಬಲ ಬರುತ್ತದೆ.

13ರಿಂದ 18ನೆಯ ವಾರ: ವಾರಕ್ಕೆರಡು ಸಲ ಹದವಾದ ಓಟ, ಪ್ರತಿ ಸಲ ಅರ್ಧ ಕಿಲೋಮೀಟರಿನ ಮೂರು ನಾಲ್ಕು ತುಂಡುಗಳಾಗಿ. ನಡುನಡುವೆ ಐದು ನಿಮಿಷ ನಡಿಗೆ. ಉಳಿದ ದಿನ ನಡಿಗೆ ಮತ್ತು ಕುಕ್ಕುಲೋಟ.

19ರಿಂದ 24ನೆಯ ವಾರ: ನಾಲ್ಕೈದು ದಿನಕ್ಕೊಮ್ಮೆ ಮಾತ್ರ 300ರಿಂದ 400 ಮೀಟರ್ ನಾಗಾಲೋಟ, ಎರಡು ಸಲ. ಅದರ ಮರುದಿನ ನಡಿಗೆ ಮಾತ್ರ.

ಒಂದು ವಾರದಲ್ಲಿ ದೂರವನ್ನಾಗಲಿ ವೇಗವನ್ನಾಗಲಿ ಒಂದನ್ನೇ ಹೆಚ್ಚಿಸಿರಿ, ಎರಡನ್ನೂ ಕೂಡಿ ಹೆಚ್ಚಿಸಬೇಡಿರಿ. ಪ್ರತಿ ದಿನವೂ ಮೊದಲ 15 ನಿಮಿಷ ನಡಿಗೆ, ಕೊನೆಯ 15 ನಿಮಿಷ ನಡಿಗೆ ತಪ್ಪಬಾರದು. ಒಂದು ಶರ್ಯತ್ತಿಗೂ ಮುಂದಿನದಕ್ಕೂ ನಡುವೆ ಎರಡು ಮೂರು ವಾರದ ಅಂತರವಿರಲಿ. ಜಾತ್ರೆಗಳು ಸಾಲಾಗಿ ಬಂದವೆಂದು ಎಲ್ಲಕ್ಕೂ ಹೋಗುವವನ ಕುದುರೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ.

ನೆಲ: ಗರಸಿನ ದಾರಿ ಅಥವಾ ಒತ್ತಿ ಕೂತ ಕೆಂಪು ಮಣ್ಣು ಉತ್ತಮ. ಘಟಪ್ರಭೆಯ ದಂಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಗೊರಸು ಸಿಕ್ಕರೆ ಕೀಲು ತಿರುಚುತ್ತದೆ. ಡಾಂಬರು ರಸ್ತೆಯಲ್ಲಿ ನಡಿಗೆ, ಸ್ವಲ್ಪ ಕುಕ್ಕುಲೋಟ ಆದೀತು, ನಾಗಾಲೋಟ ಬೇಡ.

ನಾಡಿಯ ಪರೀಕ್ಷೆ

ಕುದುರೆ ತಯಾರಾಗಿದೆಯೇ ಎಂಬುದನ್ನು ಗಡಿಯಾರ ಹಿಡಿದು ತಿಳಿಯಬಹುದು. ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿರಿ. ಬೆಳಗ್ಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 40 ಇರಬೇಕು. ಉಸಿರು 8ರಿಂದ 16, ಮೈಶಾಖ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಜೋರು ಓಟದಲ್ಲಿ ಹೃದಯದ ಬಡಿತ 200 ಮೀರುತ್ತದೆ. ಓಟ ನಿಲ್ಲಿಸಿ ಅರ್ಧ ತಾಸಿನಲ್ಲಿ ಅದು 60ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ಆ ದಿನದ ಕೆಲಸ ಹೆಚ್ಚಾಯಿತೆಂದು ತಿಳಿದು ಮುಂದಿನ ವಾರ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿರಿ. ಬೆಳಗಿನ ನಾಡಿ ಎಂದಿಗಿಂತ ಎಂಟು ಹತ್ತು ಹೆಚ್ಚಾಗಿದ್ದರೆ ನೋವು ಅಥವಾ ಜ್ವರದ ಶಂಕೆ. ಅಂದು ಓಡಿಸಬೇಡಿರಿ.

ದಿನವೂ ಬೆಳಗ್ಗೆ ಕೆಲಸಕ್ಕೆ ಮುನ್ನ ನಾಲ್ಕೂ ಕಾಲುಗಳ ಮೇಲೆ ಅಂಗೈ ಆಡಿಸಿರಿ. ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗಿದ್ದರೆ, ನರದ ಮೇಲೆ ಸಣ್ಣ ಬಾವು ಕಂಡರೆ ಅಲ್ಲಿಗೇ ನಿಲ್ಲಿಸಿರಿ. 20 ನಿಮಿಷ ತಣ್ಣೀರು ಬಿಟ್ಟು, ಅದನ್ನು ದಿನಕ್ಕೆ ಮೂರು ಸಲ ಮಾಡಿ, ಪಶುವೈದ್ಯರಿಗೆ ತೋರಿಸಿರಿ. ಹರಿದ ನರ ಕೂಡಲು 9ರಿಂದ 12 ತಿಂಗಳು ಬೇಕು. ನೋವಿನ ಚುಚ್ಚುಮದ್ದು ಹಾಕಿಸಿ ಶರ್ಯತ್ತಿಗೆ ಇಳಿಸುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ನೋವು ಕುದುರೆಗೆ ಎಚ್ಚರಿಕೆ ಹೇಳುವ ಗಂಟೆ. ಗಂಟೆಯ ನಾಲಗೆ ಕಟ್ಟಿದರೆ ಕುದುರೆ ಸೀಳಿದ ಎಲುಬಿನ ಮೇಲೆಯೇ ಪೂರ್ಣ ಭಾರ ಹಾಕಿ ಓಡುತ್ತದೆ. ಕಾಲು ಎರಡು ತುಂಡಾಗುವುದು ಆಗ. ಮೇಲಾಗಿ ಅದರ ಹಿಂದೆ ಗಾಡಿಯಲ್ಲಿ ನಿಮ್ಮ ಮನೆಯ ಹುಡುಗನೇ ಇರುತ್ತಾನೆ.

ಚಾಟಿಯ ಬಗ್ಗೆ ಒಂದು ಮಾತು. ರೇಸಿನ ಕುದುರೆಗಳ ಮೇಲೆ ಆಸ್ಟ್ರೇಲಿಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊನೆಯ 400 ಮೀಟರಿನಲ್ಲಿ ಚಾಟಿ ಬೀಸಿದ್ದರಿಂದ ಗೆಲುವಿನ ಸಂಭವ ಹೆಚ್ಚಾದದ್ದು ಕಂಡುಬರಲಿಲ್ಲ. ದಣಿದ ಕುದುರೆಯಲ್ಲಿ ಉಳಿದಿರದ ಶಕ್ತಿಯನ್ನು ಹೊಡೆತ ತರಲಾರದು.

ಗೊರಸು ಮತ್ತು ಸಾಮಾನು

ಗೊರಸು ತಿಂಗಳಿಗೆ ಸುಮಾರು 8ರಿಂದ 10 ಮಿ.ಮೀ. ಬೆಳೆಯುತ್ತದೆ. 5ರಿಂದ 6 ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಸವರಿ ಮತ್ತೆ ಕಟ್ಟಬೇಕು. ಗೊರಸಿನ ಮುಂತುದಿ ಉದ್ದ ಬೆಳೆದಷ್ಟೂ ನರದ ಮೇಲಿನ ಎಳೆತ ಹೆಚ್ಚು. ಹೊಸ ಲಾಳ ಕಟ್ಟಿದ ಮೂರು ನಾಲ್ಕು ದಿನ ಜೋರು ಓಟ ಬೇಡ. ದಿನವೂ ಗೊರಸಿನ ತಳ ಕೆರೆದು ಕಲ್ಲು, ಮೊಳೆ ನೋಡಿರಿ.

ಕುದುರೆ ಎಳೆಯುವುದು ಎದೆ ಮತ್ತು ಭುಜದಿಂದ, ಎತ್ತಿನಂತೆ ಹೆಗಲ ಮೇಲಿನ ನೊಗದಿಂದಲ್ಲ. ಅಗಲವಾದ, ಮೆತ್ತನೆಯ ಎದೆಪಟ್ಟಿ ಬೇಕು. ಅದು ಗಂಟಲ ಕೊಳವೆಗೆ ಒತ್ತಬಾರದು. ಒಂದು ಬದಿಗೆ ಎತ್ತು, ಇನ್ನೊಂದು ಬದಿಗೆ ಕುದುರೆ ಕಟ್ಟಿ ಓಡಿಸುವುದನ್ನು ಬಿಡಬೇಕು. ಎರಡರ ಹೆಜ್ಜೆ ಬೇರೆ, ವೇಗ ಬೇರೆ, ಎಳೆಯುವ ಅಂಗ ಬೇರೆ. ಒಂದು ಇನ್ನೊಂದನ್ನು ಎಳೆದುಕೊಂಡು ಓಡಬೇಕಾಗುತ್ತದೆ. ಮುಳ್ಳಿನ ಕಡಿವಾಣ, ಮೊಳೆಯ ಕೋಲು ಕಾಯಿದೆಯಂತೆ ನಿಷಿದ್ಧ.

ಬಿಸಿಲಿನ ದಿನ ಓಟ

ನಮ್ಮ ಭಾಗದ ಬಹಳಷ್ಟು ಜಾತ್ರೆಗಳು ಬೇಸಿಗೆಯಲ್ಲಿ ಬರುತ್ತವೆ. 1965ರ ಕೇಂದ್ರ ನಿಯಮಗಳ ಪ್ರಕಾರ ತಾಪಮಾನ 37 ಡಿಗ್ರಿ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಯನ್ನು ಗಾಡಿಗೆ ಕಟ್ಟುವಂತಿಲ್ಲ. ಕಾಯಿದೆ ಇಲ್ಲದಿದ್ದರೂ ಇದು ಒಳ್ಳೆಯ ನಿಯಮವೇ. ಬೆಳಗಿನ ಎಂಟರೊಳಗೆ ಓಟ ಮುಗಿಸುವಂತೆ ಜಾತ್ರೆಯ ಪಂಚರನ್ನು ಒಪ್ಪಿಸಿರಿ.

"ಬೆವರಿದ ಕುದುರೆಗೆ ತಣ್ಣೀರು ಹಾಕಬಾರದು, ಕುಡಿಸಬಾರದು" ಎಂಬ ಮಾತು ಬಹಳ ಕಡೆ ಇದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಅಧ್ಯಯನಗಳು ಇದು ಸರಿಯಲ್ಲವೆಂದು ತೋರಿಸಿವೆ. ಓಟ ಮುಗಿದೊಡನೆ ನೆರಳಿಗೆ ತಂದು ಸಾಮಾನು ಬಿಚ್ಚಿ, ಇಡೀ ಮೈಗೆ ಬಕೆಟ್ಟಿನ ಮೇಲೆ ಬಕೆಟ್ಟು ತಣ್ಣೀರು ಸುರಿಯುತ್ತಲೇ ಇರಬೇಕು. ಉಸಿರು ಶಾಂತವಾಗುವವರೆಗೆ ನಿಲ್ಲಿಸಬಾರದು. ಒದ್ದೆ ಗೋಣಿ ಹೊದಿಸಬೇಡಿರಿ. ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಕುಡಿಯಲು ನೀರು ಕೊಡಿರಿ. ಬೆವರು ನಿಂತು ಮೈ ಒಣಗಿ, ಏದುಸಿರು ಮುಂದುವರಿದು, ಕುದುರೆ ತೂರಾಡಿದರೆ ಅದು ಬಿಸಿಲ ಹೊಡೆತ. ನೀರು ಸುರಿಯುತ್ತಲೇ ಪಶುವೈದ್ಯರನ್ನು ಕರೆಸಿರಿ.

ತಿಳಿದಿರಬೇಕಾದ ರೋಗಗಳು

ಹೊಟ್ಟೆಶೂಲೆ: ಕುದುರೆ ನೆಲ ಕೆರೆಯುತ್ತದೆ, ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಹೊರಳುತ್ತದೆ, ಲದ್ದಿ ಹಾಕುವುದಿಲ್ಲ. ಮೇವು ತೆಗೆದಿಟ್ಟು ತಡಮಾಡದೆ ವೈದ್ಯರನ್ನು ಕರೆಸಿರಿ. ದನಕ್ಕೆ ಮಾಡಿದಂತೆ ಗೊಟ್ಟದಿಂದ ಎಣ್ಣೆ ಕುಡಿಸಬೇಡಿರಿ. ಅದು ಶ್ವಾಸಕೋಶಕ್ಕೆ ಇಳಿದು ಕುದುರೆ ಸಾಯಬಹುದು.

ಸೊಂಟ ಹಿಡಿಯುವುದು: ಬಿಡುವಿನ ದಿನವೂ ಪೂರ್ತಿ ದಾಣಿ ತಿಂದ ಕುದುರೆಯನ್ನು ಮರುದಿನ ಓಡಿಸಿದಾಗ ಹಿಂಭಾಗದ ಮಾಂಸಖಂಡ ಕಲ್ಲಿನಂತಾಗುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯೇ ನಿಲ್ಲಿಸಿರಿ. ಮನೆಯವರೆಗೂ ನಡೆಸಬೇಡಿರಿ. ಬಿಡುವಿನ ದಿನ ದಾಣಿಯನ್ನು ಅರ್ಧಕ್ಕೆ ಇಳಿಸಿದರೆ ಈ ತೊಂದರೆ ಬಹಳಮಟ್ಟಿಗೆ ತಪ್ಪುತ್ತದೆ.

ಧನುರ್ವಾಯು: ಮೊಳೆ, ಲಾಳದ ಗಾಯಗಳಿಂದ ಬರುತ್ತದೆ. ಬಂದ ಮೇಲೆ ಉಳಿಯುವುದು ಕಷ್ಟ. ಮೊದಲು ನಾಲ್ಕು ವಾರದ ಅಂತರದಲ್ಲಿ ಎರಡು ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ ಹಾಕಿಸಿರಿ.

ಸರ್ರಾ: ಮಳೆಗಾಲದ ನಂತರ ಕಚ್ಚುವ ದೊಡ್ಡ ನೊಣಗಳಿಂದ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ, ಕಾಲು ಮತ್ತು ಹೊಟ್ಟೆಯ ಕೆಳಗೆ ಬಾವು, ತಿಂದರೂ ಸೊರಗುವುದು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಔಷಧವಿದೆ.

ಗ್ಲ್ಯಾಂಡರ್ಸ್: ಮೂಗಿನಿಂದ ಅಂಟು ಕೀವು, ಮೂಗಿನ ಒಳಗೆ ಹುಣ್ಣು, ಚರ್ಮದ ಮೇಲೆ ಸಾಲುಗಂಟು. ಇದು ಮನುಷ್ಯರಿಗೂ ತಗಲುವ ಮಾರಕ ರೋಗ. ಲಸಿಕೆ ಇಲ್ಲ. ಶಂಕೆ ಬಂದರೆ ಕುದುರೆಯನ್ನು ಬೇರ್ಪಡಿಸಿ ಪಶು ಆಸ್ಪತ್ರೆಗೆ ತಿಳಿಸುವುದು 2009ರ ಕಾಯಿದೆಯಂತೆ ಕಡ್ಡಾಯ. ರಕ್ತದ ಮಾದರಿಯ ದೃಢೀಕರಣ ಹರಿಯಾಣದ ಹಿಸಾರದಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ. ಜಾತ್ರೆಯಲ್ಲಿ ಬೇರೆಯವರ ಬಕೆಟ್ಟು, ಗೋದಲಿ, ಲಗಾಮು ಬಳಸದಿರುವುದೇ ಇದಕ್ಕೆ ರಕ್ಷಣೆ.

ಪಶುವೈದ್ಯಕೀಯ ಸಂಚಾರಿ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ಕಾನೂನಿನ ಮಾತು

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತ್ತು. ಕರ್ನಾಟಕ ಸರ್ಕಾರ 2017ರಲ್ಲಿ ಸುಗ್ರೀವಾಜ್ಞೆಯನ್ನೂ ಆಮೇಲೆ ತಿದ್ದುಪಡಿ ಕಾಯಿದೆಯನ್ನೂ ತಂದು ಕಂಬಳ, ಎತ್ತಿನ ಓಟ ಮತ್ತು ಎತ್ತಿನ ಗಾಡಿ ಓಟಗಳಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಆ ತಿದ್ದುಪಡಿ ಹೆಸರಿಸಿರುವುದು ಕೋಣ ಮತ್ತು ಎತ್ತುಗಳ ಓಟವನ್ನು, ಕುದುರೆ ಗಾಡಿಯನ್ನಲ್ಲ. ಕುದುರೆಗೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಪೂರ್ಣವಾಗಿ ಅನ್ವಯಿಸುತ್ತದೆ. ಹೊಡೆಯುವುದು, ಮಿತಿಮೀರಿ ಓಡಿಸುವುದು, ಕೇಡು ಮಾಡುವ ಮದ್ದು ಕೊಡುವುದು ಅಪರಾಧ. ಆದ್ದರಿಂದ ಜಾತ್ರೆ ಸಮಿತಿಯವರ ಬಾಯಿಮಾತು ನಂಬದೆ, ತಾಲೂಕು ಆಡಳಿತದಿಂದ ಲಿಖಿತ ಅನುಮತಿ ಇದೆಯೇ ಎಂದು ನೋಡಿಯೇ ಕುದುರೆ ಒಯ್ಯಿರಿ. ಶರ್ಯತ್ತಿನ ಮೇಲೆ ಹಣದ ಬಾಜಿ ಕಟ್ಟುವುದರಿಂದ ದೂರವಿರಿ. ಚಿಕ್ಕ ಹುಡುಗರ ಕೈಗೆ ಲಗಾಮು ಕೊಡಬೇಡಿರಿ.

ಲೆಕ್ಕದ ಪುಸ್ತಕ

ಒಂದು ಕುದುರೆ ವರ್ಷಕ್ಕೆ ಸುಮಾರು 11 ಕ್ವಿಂಟಲ್ ದಾಣಿ, 13 ಕ್ವಿಂಟಲ್ ಕಣಕಿ, 22 ಕ್ವಿಂಟಲ್ ಹಸಿ ಮೇವು ತಿನ್ನುತ್ತದೆ. ಲಾಳ, ಔಷಧ, ಸಾಗಣೆ ಬೇರೆ. ನಿಮ್ಮೂರಿನ ಧಾರಣೆ ಹಚ್ಚಿ ಲೆಕ್ಕ ಮಾಡಿರಿ. ಬಹುಮಾನ ಬಂದೇ ಬರುತ್ತದೆಂಬ ಭರವಸೆಯ ಮೇಲೆ ಸಾಲ ಮಾಡಿ ಕುದುರೆ ಕಟ್ಟಬಾರದು. ಸಾಲ ಮಾಡಿದವನಿಗೆ ಕುಂಟುವ ಕುದುರೆಯನ್ನು ನಿಲ್ಲಿಸುವ ಧೈರ್ಯ ಬರುವುದಿಲ್ಲ.

ಒಂದು ನೋಟುಪುಸ್ತಕ ಇಟ್ಟು ದಿನವೂ ಐದು ಸಂಗತಿ ಬರೆಯಿರಿ: ಬೆಳಗಿನ ನಾಡಿ, ಕಾಲಿನ ಸ್ಥಿತಿ, ಮಾಡಿದ ಕೆಲಸ, ತಿಂದ ದಾಣಿ, ಆದ ಖರ್ಚು. ಮನೆಯಲ್ಲಿ ಓದುವ ಮಗಳಿಗೋ ಮಗನಿಗೋ ಈ ಕೆಲಸ ಒಪ್ಪಿಸಬಹುದು. ಆರು ತಿಂಗಳ ನಂತರ ಈ ಪುಸ್ತಕವೇ ನಿಮ್ಮ ಕುದುರೆಯ ಬಗ್ಗೆ ಯಾರೂ ಹೇಳಲಾರದಷ್ಟು ಹೇಳುತ್ತದೆ.

ನೆನಪಿನಲ್ಲಿಡಿರಿ

1. ನಾಲ್ಕು ವರ್ಷಕ್ಕೆ ಮುಂಚೆ ಶರ್ಯತ್ತು ಬೇಡ. ಆರು ತಿಂಗಳಿಗೆ ಕಡಿಮೆ ತಾಲೀಮು ಬೇಡ.
2. ಮೇವು ಮೊದಲು, ದಾಣಿ ಮೂರು ಹೊತ್ತು, ಬಿಡುವಿನ ದಿನ ಅರ್ಧ.
3. ಬೂಷ್ಟು ಹಿಡಿದ ಕಾಳು, ಕೋಳಿ ಆಹಾರ, ಯೂರಿಯಾ ಹುಲ್ಲು ಕುದುರೆಯ ಹತ್ತಿರವೂ ಬರಬಾರದು.
4. ದಿನವೂ ಕಾಲಿನ ಮೇಲೆ ಕೈ ಆಡಿಸಿರಿ. ಬೆಚ್ಚಗಿದ್ದರೆ ಓಟವಿಲ್ಲ.
5. ಓಟದ ನಂತರ ತಣ್ಣೀರು ಸುರಿಯಿರಿ, ಕುಡಿಯಲೂ ಕೊಡಿರಿ.
6. ನೋವಿನ ಚುಚ್ಚುಮದ್ದು ಕೊಟ್ಟು ಓಡಿಸಬೇಡಿರಿ.

ಒಂದು ಜಾತ್ರೆಯ ಓಟ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಚೆನ್ನಾಗಿ ಸಾಕಿದ ಕುದುರೆ 25 ವರ್ಷದವರೆಗೂ ಬದುಕಬಲ್ಲದು. ಓಟದ ವಯಸ್ಸು ಮುಗಿದ ಮೇಲೂ ಅದಕ್ಕೆ ಮೇವು, ನೆರಳು ಕೊಡುವ ಶಕ್ತಿ ಮನೆಗಿದೆಯೇ ಎಂದು ಯೋಚಿಸಿಯೇ ಮೊದಲ ಮರಿ ಕಟ್ಟಿರಿ.